ಸಹಮ್‌ನ ಆನೆಗಳು, ಕತ್ತೆಗಳು ಮತ್ತು ನನ್ನ ಹೊಟ್ಟೆಕಿಚ್ಚು

ಅಲ್ ಅಜೈಬಾ

ಒಮಾನಿಗೆ ಹೋಗಿ ಬಂದವರು ಮರುಭೂಮಿ, ಖರ್ಜೂರ, ಲೋಬಾನದ ಸುದ್ದಿ ಹೇಳುತ್ತಾರೆ. ನಾನು ನನ್ನ ಹೊಟ್ಟೆಕಿಚ್ಚಿನ ಸುದ್ದಿ ಹೇಳುತ್ತೇನೆ. ಮೂರು ವಾರ ಅಲ್ಲಿದ್ದೆ. ಮೂರು ವಾರವೂ ಅದು ನನ್ನ ಜೊತೆಗೇ ಎದ್ದಿತು, ಜೊತೆಗೇ ಉಂಡಿತು, ಎಲ್ಲಿಗೆ ಹೊರಟರೂ ನನಗಿಂತ ಮೊದಲು ಕಾರು ಹತ್ತಿ ಕೂತಿತು.

ನಾನು ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಹದಿನೆಂಟು ವರ್ಷಗಳಿಂದ ಈ ಪತ್ರಿಕೆಯಲ್ಲೇ ಪ್ರತಿ ಗುರುವಾರ ‘ಅಟ್ಲಾಂಟಿಕ್ ಆಚೆ’ ಎಂಬ ಅಂಕಣ ಬರೆಯುತ್ತಿದ್ದೇನೆ. ಅಮೆರಿಕದ ರಾಜಕೀಯ, ಅದರ ಸೇನೆ, ಅದರ ಗಡಿ ನನ್ನ ವಿಷಯ. ಅಲ್ಲಿನ ಎರಡು ದೊಡ್ಡ ಪಕ್ಷಗಳಲ್ಲಿ ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ನಾನು ಆನೆಯ ಕಡೆಯವಳು. ದೇಶವೆಂದಮೇಲೆ ಬಾಗಿಲಿರಬೇಕು, ಬಾಗಿಲೆಂದಮೇಲೆ ಅಗುಳಿ ಇರಬೇಕು, ಬಲವಿದ್ದವನ ಮಾತಿಗಷ್ಟೇ ಶಾಂತಿ ಬೆಲೆ ಕೊಡುತ್ತದೆ ಎಂದು ಹದಿನೆಂಟು ವರ್ಷ ಬರೆದಿದ್ದೇನೆ. ಆ ದೇಶವನ್ನು ಮಾತ್ರ ನೋಡಿಲ್ಲ. ಒಮ್ಮೆ ವೀಸಾಕ್ಕೆ ಹೋಗಿದ್ದೆ. ಅಧಿಕಾರಿ ಮೂರು ಪ್ರಶ್ನೆ ಕೇಳಿ ಪಾಸ್‌ಪೋರ್ಟ್ ವಾಪಸು ತಳ್ಳಿದ. ಗಟ್ಟಿ ಬಾಗಿಲು ಬೇಕು ಬೇಕು ಎಂದವಳ ಮೂಗಿಗೇ ಬಾಗಿಲು ಬಡಿಯಿತು. ಆದರೂ ನಾನು ನಿಲುವು ಬದಲಿಸಲಿಲ್ಲ.

ಹೊರಡುವ ಹಿಂದಿನ ವಾರ ಸಂಪಾದಕರು ಕರೆಸಿದ್ದರು. ನನ್ನ ಶಿಷ್ಯರ ವಯಸ್ಸಿನವರು.

“ಮೇಡಂ, ಒಮಾನಿನ ಸಹಮ್ ಅನ್ನೋ ಊರಲ್ಲಿ ಹಸನಬ್ಬ ಅಂತ ಇದ್ದಾರೆ, ಮಂಗಳೂರು ಕಡೆಯವರು, ಮೀನುಬಲೆ ಅಂಗಡಿ. ದಿನಾ ಬೆಳಿಗ್ಗೆ ಅಮೆರಿಕದ ಬಗ್ಗೆ ಫೋನಲ್ಲಿ ಮಾತಾಡಿ ವಾಯ್ಸ್ ಕಳಿಸ್ತಾರೆ. ಎಲ್ಲಾ ಗ್ರೂಪಲ್ಲೂ ಅದೇ ಓಡ್ತಿದೆ. ನಿಮ್ಮದೇ ನಿಲುವು, ಆದ್ರೆ ಕೇಳೋಕೆ ಮಜಾ. ಯುಗಾದಿಯಿಂದ ಗುರುವಾರದ ಜಾಗ ಅವರಿಗೆ ಕೊಡೋಣ ಅಂತಿದ್ದೀವಿ. ಹೇಗೂ ತಮ್ಮನ ಮನೆಗೆ ಹೋಗ್ತಿದ್ದೀರಿ, ನೀವೇ ಒಂದು ಮಾತು ಕೇಳಿ ಒಪ್ಪಿಸಿಬಿಡಿ. ನೀವು ಕೇಳಿದ್ರೆ ಅದರ ಗೌರವವೇ ಬೇರೆ.”

“ಅದಕ್ಕೇನಂತೆ, ಕೇಳ್ತೀನಿ” ಎಂದು ನಕ್ಕು ಎದ್ದು ಬಂದೆ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಳ್ಳಬೇಕು, ಅದೂ ನಗುನಗುತ್ತ. ಆಟೋ ಹತ್ತಿದ ಮೇಲೆ ನಗು ಹೋಯಿತು, ಚಪ್ಪಡಿ ಉಳಿಯಿತು.

ತಮ್ಮ ಮುರಳಿ ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದಾನೆ. ನೀರು ಸರಬರಾಜಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಬೀದಿಯ ಮನೆಗಳೆಲ್ಲ ಬಿಳಿ, ಕಾರುಗಳೆಲ್ಲ ತೊಳೆದಿಟ್ಟ ಪಾತ್ರೆಯ ಹಾಗೆ. ಕಾರು ಕೊಳೆಯಾಗಿದ್ದರೆ ದಂಡ ಹಾಕುತ್ತಾರಂತೆ. ನಮ್ಮಲ್ಲಿ ಆ ಕಾನೂನು ಬಂದರೆ ಅರ್ಧ ಮೈಸೂರು ನಡೆದುಕೊಂಡು ಓಡಾಡಬೇಕಾಗುತ್ತದೆ. ಮೊದಲ ಬೆಳಿಗ್ಗೆ ಹಾಲು ತರಲು ಹೋಗಿ ರಸ್ತೆ ದಾಟಲು ನಿಂತೆ. ಬರುತ್ತಿದ್ದ ಕಾರು ನಿಂತುಬಿಟ್ಟಿತು. ಅದು ಹೋಗಲಿ ಎಂದು ನಾನು ಕಾದೆ. ನಾನು ದಾಟಲಿ ಎಂದು ಅದು ಕಾಯಿತು. ಒಳಗಿದ್ದ ಬಿಳಿ ನಿಲುವಂಗಿಯ ಮುದುಕರು ಕೈ ಬೀಸಿದರು. ನಾನೂ ನಮಸ್ಕಾರ ಮಾಡಿದೆ. ಕೊನೆಗೆ ಅವರೇ ಇಳಿದು ಬಂದು, ಕೈಯಲ್ಲಿದ್ದ ಜಪಮಣಿಯಿಂದ ಆಚೆಯ ಬದಿ ತೋರಿಸಿ, ನಾನು ದಾಟುವವರೆಗೂ ನಿಂತಿದ್ದು ಹೋದರು. ಇಷ್ಟು ಮರ್ಯಾದೆಯ ಊರಿನ ಮೇಲೂ ನನಗೆ ಸಿಟ್ಟು ಬಂತು. ಅರವತ್ತು ವರ್ಷ ಪ್ರಾಣ ಕೈಯಲ್ಲಿ ಹಿಡಿದು ದಾಟಿದ ನಮ್ಮೂರ ರಸ್ತೆಗಳೆಲ್ಲ ನೆನಪಾದವು.

ಹಾಲು ತಂದು ಒಳಗೆ ಬರುತ್ತೇನೆ, ಅಡುಗೆಮನೆಯಲ್ಲಿ ಗಂಡಸಿನ ದನಿ. ನಾದಿನಿ ಶುಭಾ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಚಟ್ನಿಗೆ ಕಾಯಿ ತುರಿಯುತ್ತಿದ್ದಳು.

“ಅಸ್ಸಲಾಮು ಅಲೈಕುಂ, ನಮಸ್ಕಾರ, ದೇವ್ ಬರೆಂ ಕರುಂ. ಅಮೆರಿಕದವರ ಹಡಗು ಪುನಃ ಈ ಕಡಲಿಗೆ ಬಂದಿದೆ ಅಂತೆ. ಯಾಕೆ ಬಂದದ್ದು, ಗುಂಡು ಹೊಡಿಲಿಕ್ಕಾ? ಅಲ್ಲ ಮಾರ್ರೆ. ನಮ್ಮ ಗೋಡೌನಿಗೆ ಒಬ್ಬ ವಾಚ್‌ಮ್ಯಾನ್ ಇದ್ದ. ಬರೀ ನಿದ್ದೆ. ಆದ್ರೂ ಕಳ್ಳ ಬರ್ಲಿಲ್ಲ. ಯಾಕೆ? ಅವ ನಿದ್ದೆ ಮಾಡುದು ಕಳ್ಳನಿಗೆ ಗೊತ್ತಿರ್ಲಿಲ್ಲ. ನಾನು ಬುದ್ಧಿವಂತ ಅಲ್ವಾ, ಇವ ಯಾಕೆ ದಂಡಕ್ಕೆ ಅಂತ ಅವನನ್ನ ತೆಗೆದೆ. ವಾರ ಆಗ್ಲಿಲ್ಲ, ಬೀಗ ಒಡೆದಿತ್ತು. ಹಡಗು ಅಂದ್ರೆ ಅಷ್ಟೇ. ಅದು ಎಂತ ಮಾಡ್ತದೆ ಅಂತ ಕೇಳ್ಬೇಡಿ. ಅದು ಇಲ್ಲದಿದ್ರೆ ಎಂತ ಆಗ್ತದೆ ಅಂತ ಕೇಳಿ.”

ಶುಭಾ ನಕ್ಕಳು. ಸ್ಕೂಲಿಗೆ ಹೊರಟಿದ್ದ ಅವಳ ಮಗಳು ಅನನ್ಯಾ ಇಂಗ್ಲಿಷಿನಲ್ಲಿ, ಈ ಅಂಕಲ್ ತುಂಬಾ ತಮಾಷೆ, ನಿಮಗೆ ಗೊತ್ತಾ ಅತ್ತೆ ಎಂದು ಕೇಳಿದಳು. ಸಂಪಾದಕರು ಹೇಳಿದ್ದ ಹಸನಬ್ಬ ಇವರೇ. ಇದೇ ವಿಷಯವನ್ನು ನಾನು ಮೂರು ಗುರುವಾರ ಬರೆದಿದ್ದೆ. ‘ಪ್ರತಿರೋಧಕ ಶಕ್ತಿಯ ತಾತ್ವಿಕ ನೆಲೆಗಳು’, ಭಾಗ ಒಂದು, ಎರಡು, ಮೂರು. ಬಂದದ್ದು ಒಂದೇ ಓದುಗರ ಪತ್ರ. ಭಾಗ ಎರಡು ಅವರ ಮನೆಗೆ ಬರಲಿಲ್ಲವಂತೆ, ಆದರೂ ಪರವಾಗಿಲ್ಲವಂತೆ.

“ನೀನು ನನ್ನ ಅಂಕಣ ಓದ್ತೀಯೇನೋ?” ಎಂದು ಮುರಳಿಯನ್ನು ಕೇಳಿದೆ.

“ಓದ್ತೀನಿ ಅಕ್ಕ, ಟೈಮ್ ಸಿಕ್ಕಾಗ” ಎಂದ ಅವನು, ಕಿವಿಯನ್ನು ಆ ಫೋನಿನ ಕಡೆಗೇ ಇಟ್ಟುಕೊಂಡು.

ಸುವೈಕ್, ದಾರಿಯಲ್ಲಿ

ಶುಕ್ರವಾರ ನಸುಕಿನಲ್ಲೇ ಹೊರಟೆವು, ನಾನು ಮತ್ತು ಮುರಳಿ. ಹಸನಬ್ಬನವರ ಅಂಗಡಿಯ ಹಿಂದೆ ಪ್ರತಿ ಶುಕ್ರವಾರ ಬೆಳಿಗ್ಗೆ ಕನ್ನಡದವರು ಸೇರುತ್ತಾರೆ, ಮಧ್ಯಾಹ್ನದ ನಮಾಜಿಗೆ ಮೊದಲು ಮುಗಿಸುತ್ತಾರೆ ಎಂದು ಅವನೇ ಹೇಳಿದ್ದ. ಶುಭಾ ದೊಡ್ಡ ಡಬ್ಬಿಯಲ್ಲಿ ಇಡ್ಲಿ ಕಟ್ಟಿಕೊಟ್ಟಿದ್ದಳು. ಒಂದು ಕಡೆ ಬೆಟ್ಟ, ಒಂದು ಕಡೆ ಕಣ್ಣಿಗೆ ಕಾಣದ ಕಡಲು, ನಡುವೆ ನೂಲು ಹಿಡಿದು ಎಳೆದಂಥ ರಸ್ತೆ. ಒಂದು ಹಂಪ್ ಇಲ್ಲ, ಒಂದು ದನ ಇಲ್ಲ. ಈ ರಸ್ತೆಯಲ್ಲಿ ಬೆಳಗಿನ ಕಾಫಿ ಹೊಟ್ಟೆಯಲ್ಲೇ ಇರುತ್ತದೆ.

ಸುವೈಕ್‌ನಲ್ಲಿ ಚಹಾದ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಮುರಳಿ ಎರಡು ಸಲ ಹಾರ್ನ್ ಹೊಡೆದ.

“ಏನೋ ಇದು, ಮನುಷ್ಯರನ್ನ ಹಾರ್ನ್ ಹೊಡೆದು ಕರೆಯೋದು?”

“ಇಲ್ಲಿ ಎಲ್ಲಾರೂ ಹಂಗೇ ಅಕ್ಕ. ಅವರೇ ತಂದುಕೊಡ್ತಾರೆ. ಕೂತ್ಕೋ ಸುಮ್ನೆ.”

ಮೂವತ್ತು ವರ್ಷ ಪಾಠ ಹೇಳಿದವಳು ಸುಮ್ಮನೆ ಕೂರುತ್ತೇನೆಯೇ? ಇಳಿದು ಹೋಗಿ ಕಟ್ಟೆಯ ಮುಂದೆ ನಿಂತೆ. ಚಹಾದವನಿಗೆ ನಾನೊಂದು ಸಮಸ್ಯೆಯಾದೆ. ಕಾರಿನಲ್ಲಿದ್ದವರಿಗೆಲ್ಲ ಅವನು ಓಡೋಡಿ ಕೊಡುತ್ತಿದ್ದ. ಎದುರಿಗೆ ನಿಂತವಳನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ನನ್ನ ನಂತರ ಬಂದ ಐದು ಕಾರು ಚಹಾ ಕುಡಿದು ಹೋದವು. ಕೊನೆಗೆ ಎರಡು ಕಾಗದದ ಲೋಟ ಕೈಗೆ ಬಂತು, ಅರ್ಧ ಸೀರೆಗೆ ಚೆಲ್ಲಿತು. ಕಾಸರಗೋಡಿನವನಂತೆ, ನನ್ನ ಕನ್ನಡ ಕೇಳಿ ಮುಖ ಅರಳಿಸಿದ.

“ಸಹಮ್‌ಗಾ ಅಮ್ಮಾ? ಹಸನಬ್ಬ ಕಾಕನಲ್ಲಿಗಾ? ಇವತ್ತಿನ ವಾಯ್ಸ್ ಕೇಳಿದ್ರಾ? ಫಸ್ಟ್ ಕ್ಲಾಸ್!”

ಮೈಸೂರಿನ ನಮ್ಮ ಬೀದಿಯ ಕೊನೆಯ ಕ್ಯಾಂಟೀನಿನವನಿಗೂ ನನ್ನ ಅಂಕಣ ಗೊತ್ತು. ಬೋಂಡ ಕಟ್ಟಿಕೊಡುವಾಗ. ಒಮ್ಮೆ ನನ್ನ ಫೋಟೋದ ಮೇಲೆಯೇ ಎಣ್ಣೆ ಇಳಿದಿತ್ತು.

ಕಾರು ಮತ್ತೆ ಹೊರಟ ಮೇಲೆ ಮುರಳಿ ಗಂಟಲು ಸರಿಮಾಡಿಕೊಂಡ. “ಅಕ್ಕ, ಅಲ್ಲಿ ಒಂದು ರೂಲ್ ಇದೆ. ಊರಿನ ರಾಜಕೀಯ ಮಾತಾಡೋ ಹಾಗಿಲ್ಲ. ಈ ದೇಶದ್ದೂ ಇಲ್ಲ, ನಾವು ಇಲ್ಲಿ ನೆಂಟರು. ಅಮೆರಿಕ ಮಾತ್ರ. ಎಷ್ಟು ಬೇಕಾದ್ರೂ ಜಗಳ ಆಡ್ಬಹುದು, ಆದ್ರೆ ಅಮೆರಿಕದ ಮೇಲೆ.”

“ಅಮೆರಿಕ ಯಾಕೆ?”

“ದೂರ ಇದೆಯಲ್ಲ. ಯಾರಿಗೂ ನೋವಾಗಲ್ಲ.”

ನನಗೆ ನಗು ಬಂತು. ನನ್ನ ಜೀವಮಾನದ ವಿಷಯವನ್ನು ಇವರು ಮಕ್ಕಳಿಗೆ ಆಡಲು ಕೊಡುವ ಮರದ ಚಾಕುವಿನ ಹಾಗೆ ಇಟ್ಟುಕೊಂಡಿದ್ದಾರೆ. ಇರಲಿ, ಆಟ ಹೇಗೆ ಆಡುವುದೆಂದು ಇವತ್ತು ತೋರಿಸುತ್ತೇನೆ ಎಂದುಕೊಂಡೆ.

ಸಹಮ್, ಮೊದಲ ಶುಕ್ರವಾರ

ಅಂಗಡಿಯ ತುಂಬ ನೈಲಾನಿನ ವಾಸನೆ. ಹಸಿರು ಬಲೆ, ನೀಲಿ ಬಲೆ, ಹಗ್ಗದ ಸುರುಳಿ, ದೋಣಿಯ ಎಂಜಿನ್ನಿನ ಬಿಡಿಭಾಗ. ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮೂವತ್ತು ಜನ. ಮಂಗಳೂರು, ಉಡುಪಿ ಕಡೆಯ ಬ್ಯಾರಿ ಮುಸಲ್ಮಾನ ವ್ಯಾಪಾರಿಗಳು, ಬೆಂಗಳೂರು ಮೈಸೂರಿನ ಎಂಜಿನಿಯರರು, ಅವರ ಹೆಂಡಿರು. ಒಬ್ಬರ ಅಕ್ಕಿಯ ಪತ್ತಿರಿ ರೊಟ್ಟಿ ಇನ್ನೊಬ್ಬರ ತಟ್ಟೆಗೆ, ಇವರ ಇಡ್ಲಿ ಅವರ ತಟ್ಟೆಗೆ ಹೋಗುತ್ತಿತ್ತು.

ಹಸನಬ್ಬ ಸಣಕಲು ಆಸಾಮಿ. ಕನ್ನಡಕವನ್ನು ಬಲೆಯ ದಾರದಿಂದ ಕಿವಿಗೆ ಕಟ್ಟಿಕೊಂಡಿದ್ದರು. ಇಷ್ಟು ಸಣ್ಣ ಮನುಷ್ಯನ ಮೇಲೆ ಇಷ್ಟು ದೊಡ್ಡ ಅಸೂಯೆಯೇ ಎಂದು ನನಗೇ ಅವಮಾನವಾಯಿತು.

“ಬನ್ನಿ ಟೀಚರೇ. ಮುರಳಿ ಸಾರ್ ಹೇಳಿದ್ರು, ನೀವು ಕೂಡ ಅಮೆರಿಕ ನೋಡ್ತೀರಂತೆ ಪೇಪರಲ್ಲಿ? ಖುಷಿ ಆಯ್ತು. ಆನೆಯಾ, ಕತ್ತೆಯಾ?”

ನನ್ನ ಹೆಸರು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಒಂದು ಸಲವೂ. ಅಲ್ಲಿದ್ದ ಯಾರೂ ಕೇಳಿರಲಿಲ್ಲ.

“ಆನೆ” ಎಂದೆ.

“ಹಾಗಾದ್ರೆ ನಮ್ಮ ಪೈಕಿ. ಈ ಬಲೆ ಗಂಟಿನ ಮೇಲೆ ಕುತ್ಕೊಳ್ಳಿ. ಕತ್ತೆಯವರಿಗೆ ಮಾತ್ರ ಕುರ್ಚಿ. ಎದುರು ಪಾರ್ಟಿ ಅಲ್ವಾ, ಮರ್ಯಾದೆ ಜಾಸ್ತಿ ಕೊಡ್ಬೇಕು.”

ಕತ್ತೆಗಳ ಮುಂದಾಳು ಸಿಸಿಲಿಯಾ, ಅಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸು, ಮಂಗಳೂರು ಕಡೆಯ ಕ್ರೈಸ್ತರು. ಆ ದಿನದ ವಿಷಯ ಗಡಿ. ಕಾಗದಪತ್ರವಿಲ್ಲದೆ ಬಂದವರನ್ನು ಅಮೆರಿಕ ಹೊರಗೆ ಕಳಿಸುವುದು ಸರಿಯೇ, ತಪ್ಪೇ.

“ನೀವೇ ಹೇಳಿ ಕಾಕ” ಎಂದರು ಸಿಸಿಲಿಯಾ. “ನಾವೆಲ್ಲ ಬೇರೆ ದೇಶದಲ್ಲಿ ಅನ್ನ ತಿನ್ನುವವರು. ನಮ್ಗೆ ಕರುಣೆ ಬೇಡ್ವಾ?”

“ಅದಕ್ಕೇ ಹೇಳುದು ಸಿಸ್ಟರೇ. ಮೂವತ್ತು ವರ್ಷ ಆಯ್ತು ನಾನು ಇಲ್ಲಿ. ಕಫೀಲ್, ನನ್ನ ಸ್ಪಾನ್ಸರ್, ಸಹಿ ಹಾಕಿದ್ರೆ ಇದ್ದೇನೆ, ಖಲಾಸ್ ಅಂದ್ರೆ ಪೆಟ್ಟಿಗೆ ಕಟ್ಟಿದೆ. ನನ್ಗೆ ಬೇಜಾರಿಲ್ಲ. ಮನೆಯವ ಬಾಗಿಲು ತೆಗೆದ, ನಾನು ಒಳಗೆ ಬಂದೆ. ಬಾಗಿಲಲ್ಲಿ ಕ್ಯೂ ನಿಂತವನಿಗೆ ಬಾಗಿಲ ಬೆಲೆ ಗೊತ್ತುಂಟು. ಗೋಡೆ ಹಾರಿದವ ನನ್ನ ಕ್ಯೂ ಕದ್ದ ಹಾಗೆ ಅಲ್ವಾ?”

ಕುರ್ಚಿಗಳಿಂದ ಗಲಾಟೆ, ಬಲೆ ಗಂಟುಗಳಿಂದ ಚಪ್ಪಾಳೆ. ನಾನು ಚಪ್ಪಾಳೆ ತಟ್ಟಲಿಲ್ಲ. ಮಾತು ಚೆನ್ನಾಗಿತ್ತು, ಅದೇ ಉರಿ. ಅದಕ್ಕಿಂತ ದೊಡ್ಡ ಉರಿ ಎಂದರೆ ಆ ಮಾತು ಹೇಳುವ ಹಕ್ಕು ಅವರಿಗಿತ್ತು. ನಾನು ಗಡಿಯ ಬಗ್ಗೆ ಬರೆದದ್ದೆಲ್ಲ ಮೈಸೂರಿನ ಸರಸ್ವತಿಪುರಂನ ಮನೆಯ ಜಗುಲಿಯಲ್ಲಿ ಕೂತು.

ಅಷ್ಟರಲ್ಲಿ ಹಗ್ಗ ಕೊಳ್ಳಲು ಸಾಲಿಂ ಎಂಬ ಒಮಾನಿ ಮೀನುಗಾರರು ಬಂದರು. ಅವರಿಗೂ ಚಹಾ ಬಂತು. “ಫಿರ್ ಅಮ್ರೀಕಾ?” ಎಂದು ನಕ್ಕರು. ನಾನು ನನ್ನ ಹಿಂದಿಯಲ್ಲಿ, ನಿಮಗೆ ಅಮೆರಿಕ ಗೊತ್ತೇ ಎಂದು ಕೇಳಿದೆ. “ಗಯಾ ಥಾ. ದೋ ಮಹೀನಾ. ಬಹುತ್ ಠಂಡಾ” ಎಂದು ಹೇಳಿ ಹಗ್ಗ ಹೆಗಲಿಗೆ ಹಾಕಿಕೊಂಡು ಹೋದರು. ಆ ಅಂಗಳದಲ್ಲಿ ಅಮೆರಿಕ ಕಂಡಿದ್ದವರು ಅವರೊಬ್ಬರೇ. ಅವರ ಅಭಿಪ್ರಾಯವನ್ನು ಮತ್ತೆ ಯಾರೂ ಕೇಳಲಿಲ್ಲ.

“ಟೀಚರು ಮಾತಾಡ್ಲಿ” ಎಂದರು ಹಸನಬ್ಬ.

ಎದ್ದು ನಿಂತೆ. ದನಿ ತಾನಾಗಿ ತರಗತಿಯ ದನಿಯಾಯಿತು. ಬಾಗಿಲಿಲ್ಲದ ಮನೆಯನ್ನು ಉದಾರಿಯ ಮನೆ ಅನ್ನುವುದಿಲ್ಲ, ಹಾಳು ಮನೆ ಅನ್ನುತ್ತಾರೆ ಎಂದೆ. ಗಂಟುಗಳ ಮೇಲಿನವರು ತಲೆದೂಗಿದರು. ಕಾನೂನು ಮುರಿದು ಬಂದವನ ಮೇಲೆ ಕರುಣೆ ತೋರಿಸುವುದು ಸುಲಭ, ಕಾನೂನು ಪಾಲಿಸಿ ಇನ್ನೂ ಹೊರಗೇ ನಿಂತವನ ಮುಖ ಟೀವಿಯಲ್ಲಿ ಬರುವುದಿಲ್ಲ ಎಂದೆ. ಸಿಸಿಲಿಯಾ ಕೂಡ “ಅದು ಹೌದು” ಎಂದರು. ನನಗೆ ಹುರುಪು ಬಂತು. ನನ್ನ ಅಂಕಣದ ಕಡೆಯ ಪ್ಯಾರಾ ಯಾವಾಗಲೂ ಒಂದೇ ಥರ ಶುರುವಾಗುತ್ತದೆ, ‘ಇನ್ನು ನಮ್ಮಲ್ಲಿಗೆ ಬಂದರೆ’ ಎಂದು. ಹದಿನೆಂಟು ವರ್ಷದ ರೂಢಿ. ನಾಲಿಗೆ ತನ್ನಷ್ಟಕ್ಕೆ ಹೊರಳಿತು.

“ಇನ್ನು ನಮ್ಮಲ್ಲಿಗೆ ಬಂದರೆ, ನಮ್ಮ ಊರುಗಳಲ್ಲೂ ಯಾರು ಯಾವಾಗ ಒಳಗೆ ಬಂದರು ಅಂತ ಕೇಳೋ ಧೈರ್ಯ…”

ಅಲ್ಲಿಗೆ ನಿಂತೆ, ತಡವಾಗಿ. ತಟ್ಟೆಗೆ ಹೋಗುತ್ತಿದ್ದ ಕೈಗಳು ನಿಂತಿದ್ದವು. ಪಕ್ಕದ ಗಂಟಿನ ಮೇಲಿದ್ದ ಬ್ಯಾರಿ ದರ್ಜಿಯೊಬ್ಬರು, ಅದೇ ತಾನೇ ನನಗೆ ಚಪ್ಪಾಳೆ ತಟ್ಟಿದವರು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಮುರಳಿ ಕಣ್ಣು ಮುಚ್ಚಿಕೊಂಡಿದ್ದ.

ಹಸನಬ್ಬ ದನಿ ಎತ್ತಲಿಲ್ಲ. “ಯಲ್ಲಾ, ನಡೀರಿ ಟೀಚರೇ, ಗ್ಲಾಸು” ಎಂದರು.

ನಲ್ಲಿಯ ಹತ್ತಿರ

ಊರನ್ನು ಎಳೆದು ತಂದವರು ಆ ದಿನದ ಗ್ಲಾಸುಗಳನ್ನೆಲ್ಲ ತೊಳೆಯಬೇಕು. ಅದು ಅಲ್ಲಿನ ದಂಡ. ದೊಡ್ಡವರು ಚಿಕ್ಕವರು, ಹೆಂಗಸು ಗಂಡಸು ಎಂಬ ಭೇದವಿಲ್ಲ. ನಿವೃತ್ತ ಪ್ರಾಧ್ಯಾಪಕಿ, ಅಂಕಣಕಾರ್ತಿ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕಲ್ಲಿನ ಮೇಲೆ ಕೂತು ಚಹಾದ ಗ್ಲಾಸು ಉಜ್ಜಿದೆ. ಯಾರೂ ಸಹಾಯಕ್ಕೆ ಬರುವಂತಿಲ್ಲ. ಸಿಸಿಲಿಯಾ ಮಾತ್ರ ಟವೆಲ್ ತಂದು ಒರೆಸಲು ಕೂತರು. ಒರೆಸುವುದಕ್ಕೆ ರೂಲ್ ಇಲ್ಲವಂತೆ.

“ಬೇಜಾರು ಮಾಡ್ಬೇಡಿ ಮೇಡಂ. ಮೊದಲ ವರ್ಷ ನಾನು ವಾರ ವಾರ ತೊಳೆದಿದ್ದೇನೆ.”

“ಇದೆಂಥ ರೂಲು?” ಎಂದೆ ಸಿಟ್ಟಿನಿಂದ.

ಅವರು ಒಂದು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. “ಮುಂಚೆ ಇಲ್ಲಿ ಊರಿನದ್ದೇ ಮಾತು. ಊರಲ್ಲಿ ಇಲೆಕ್ಷನ್ ಆದಾಗ ಇಲ್ಲಿ ಜಗಳ ಆಗಿ ಎರಡು ಪಂಗಡ ಆಯ್ತು. ಮಾತಿಲ್ಲ, ಕತೆಯಿಲ್ಲ. ಅದೇ ಟೈಮಿಗೆ ಕಾಕನ ತಮ್ಮ ತೀರಿಕೊಂಡ, ಹಾರ್ಟಿಂದ. ಬಾಡಿ ಊರಿಗೆ ಕಳಿಸ್ಬೇಕಲ್ಲ? ಕಾಗದ ಎಲ್ಲ ಮಾಡಿಸ್ಲಿಕ್ಕೆ ಗೊತ್ತಿದ್ದವರು ಆ ಪಂಗಡ. ಕಾಕ ಈ ಪಂಗಡ. ಇವರು ಕೇಳ್ಲಿಲ್ಲ, ಅವರು ಬರ್ಲಿಲ್ಲ. ನಾಲ್ಕು ದಿನ ಹೆಣ ಹಾಗೇ ಇತ್ತು. ಊರಲ್ಲಿ ತಾಯಿ ಕಾಯ್ತಾ ಇದ್ರು.”

ನಾನು ನಲ್ಲಿ ನಿಲ್ಲಿಸಿದೆ.

“ಐದನೇ ದಿನ ಕಾಕ ಅವರ ಮನೆ ಬಾಗಿಲಿಗೆ ಹೋಗಿ ನಿಂತ್ರು. ಆಮೇಲೆ ಈ ರೂಲ್ ಮಾಡಿದ್ದು. ಜಗಳ ಬೇಕು ಮನುಷ್ಯರಿಗೆ, ಇಲ್ಲದಿದ್ರೆ ಯಾರೂ ಸೇರುದಿಲ್ಲ. ಹಾಗಾಗಿ ಅಮೆರಿಕ.”

ಕರುಣೆ ಬಂತು ಎಂದು ಬರೆದರೆ ಓದುಗರಿಗೆ ಸಮಾಧಾನವಾಗಬಹುದು. ಬಂತು, ನಿಜ. ಆದರೆ ಅದರ ಬೆನ್ನಿಗೇ ಹೊಟ್ಟೆಕಿಚ್ಚು ಇನ್ನೊಂದು ಮೆಟ್ಟಿಲು ಹತ್ತಿತು. ನನ್ನ ಅಂಕಣದಿಂದ ಹದಿನೆಂಟು ವರ್ಷದಲ್ಲಿ ಇಬ್ಬರು ಒಂದು ತಟ್ಟೆಯಲ್ಲಿ ಉಂಡಿದ್ದರೆ ನನಗೆ ಗೊತ್ತಿಲ್ಲ. ಹೊರಡುವಾಗ ಹಸನಬ್ಬ ಕಾರಿನವರೆಗೂ ಬಂದು, ಮುಂದಿನ ಶುಕ್ರವಾರ ಬರಲೇಬೇಕೆಂದರು. ಸಂಪಾದಕರ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

ಮತ್ತೆ ಅಲ್ ಅಜೈಬಾ, ಮಂಗಳವಾರ

ಸಂಪಾದಕರ ಫೋನು ಬಂದಾಗ ನಾನು ಶುಭಾಳ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಏನೂ ಕೇಳುವ ಮೊದಲೇ ನಾನೇ ಶುರು ಮಾಡಿದೆ.

“ಸಿಕ್ಕಿದ್ರು ಸರ್. ಕೇಳಿದೆ. ಅವರಿಗೆ ಮನಸ್ಸಿಲ್ಲ. ಬೇಡವೇ ಬೇಡ ಅಂದ್ರು.”

“ಅಯ್ಯೋ, ಹೌದಾ? ಯಾಕಂತೆ?”

“ಅಂಗಡಿ ಕೆಲಸ, ಬಿಡುವಿಲ್ಲ ಅಂತ. ಬರೆಯೋ ಅಭ್ಯಾಸವೂ ಇಲ್ಲ ನೋಡಿ.”

ಎಷ್ಟು ಸಲೀಸಾಗಿ ಬಂತು! ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯರನ್ನು ಹೊರಗೆ ನಿಲ್ಲಿಸಿದ ಕೈ ಇದು. ಫೋನು ಇಟ್ಟ ಮೇಲೆ ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಹೊಡೆದುಕೊಳ್ಳಲಿಲ್ಲ. ಗುರುವಾರ ನನ್ನದಾಗಿಯೇ ಉಳಿ‌ಯಿತಲ್ಲ ಎಂದು ಹಗುರಾಗಿ ಉಳಿದ ಬಟ್ಟೆಯನ್ನೂ ಹರವಿ ಬಂದು ಶುಭಾಗೆ ಒಬ್ಬಟ್ಟು ಮಾಡಿಕೊಟ್ಟೆ. ಮನೆಯವರಿಗೆಲ್ಲ ಆಶ್ಚರ್ಯ.

ಸಹಮ್, ಎರಡನೆಯ ಶುಕ್ರವಾರ

ಈ ಸಲ ತಯಾರಾಗಿ ಹೋದೆ. ‘ಇನ್ನು ನಮ್ಮಲ್ಲಿಗೆ ಬಂದರೆ’ ಎಂಬುದು ಬಾಯಿಗೆ ಬಂದ ಕೂಡಲೇ ಕೆಮ್ಮಬೇಕೆಂದು ಮುರಳಿ ನನಗೆ ಹೇಳಿಕೊಟ್ಟಿದ್ದ. ನೇರ ಹೋಗಿ ಆ ದರ್ಜಿಯ ಪಕ್ಕದಲ್ಲೇ ಕೂತೆ. ಅವರು ಏನೂ ಅನ್ನದೆ ತಮ್ಮ ತಟ್ಟೆಯಿಂದ ಒಂದು ಪತ್ತಿರಿ ನನ್ನ ತಟ್ಟೆಗೆ ಹಾಕಿ, “ಇದ್ರಲ್ಲಿ ಮೀನಿಲ್ಲ, ತಿನ್ನಿ” ಎಂದರು. ಕ್ಷಮೆ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಆ ದಿನದ ವಿಷಯ ಅಮೆರಿಕದ ಮಿತ್ರದೇಶಗಳು. ಅವುಗಳ ರಕ್ಷಣೆಯ ಖರ್ಚನ್ನು ಅಮೆರಿಕವೇ ಯಾಕೆ ಹೊರಬೇಕು? ಸಿಸಿಲಿಯಾ, ದೊಡ್ಡಣ್ಣ ಎಂದಮೇಲೆ ದೊಡ್ಡಣ್ಣನ ಹಾಗೆ ನಡೆದುಕೊಳ್ಳಬೇಕು ಎಂದು ವಾದಿಸಿದರು. ಹಸನಬ್ಬ ಉತ್ತರಕ್ಕೆ ತಡಕಾಡುತ್ತಿದ್ದರು. ನಾನು ಎದ್ದೆ.

“ಊರಿಗೆಲ್ಲ ಒಬ್ಬನೇ ಕಾವಲು ಕೂತ್ರೆ ಉಳಿದವರಿಗೆ ಒಳ್ಳೆ ನಿದ್ದೆ ಬರುತ್ತೆ. ಎಷ್ಟು ಒಳ್ಳೆ ನಿದ್ದೆ ಅಂದ್ರೆ, ಬೆಳಿಗ್ಗೆ ಎದ್ದು ಕಾವಲಿನವನನ್ನೇ ಬೈಯೋಷ್ಟು ಶಕ್ತಿ ಬಂದಿರುತ್ತೆ. ದೊಡ್ಡಣ್ಣ ಕಾವಲು ಬಿಡಲಿ ಅಂತ ನಾನು ಹೇಳಲ್ಲ. ತಮ್ಮಂದಿರು ಸರದಿ ಹಾಕಿಕೊಳ್ಳಲಿ ಅಂತೀನಿ.”

ಕುರ್ಚಿಗಳೂ ನಕ್ಕವು. ದರ್ಜಿ ನನ್ನ ಬೆನ್ನು ತಟ್ಟಲು ಬಂದವರು ಕೈ ಹಿಂದಕ್ಕೆ ಎಳೆದುಕೊಂಡು ಬಲೆ ಗಂಟನ್ನು ತಟ್ಟಿದರು. ಹಸನಬ್ಬ ಕನ್ನಡಕ ತೆಗೆದು ಒರೆಸಿಕೊಂಡು, “ಟೀಚರೇ, ಇದನ್ನು ನಾಳೆ ನನ್ನ ವಾಯ್ಸಲ್ಲಿ ಹಾಕ್ಬಹುದಾ? ನಿಮ್ಮ ಹೆಸರು ಹೇಳಿಯೇ ಹಾಕುದು” ಎಂದರು. ಹಾಕಿ ಎಂದೆ. ಹದಿನೆಂಟು ವರ್ಷ ಅಚ್ಚಿನಲ್ಲಿ ಹೆಸರು ನೋಡಿದವಳಿಗೆ ಅಂಥ ಖುಷಿ ಯಾವ ಗುರುವಾರವೂ ಆಗಿರಲಿಲ್ಲ.

ಜನ ಚದುರುವಾಗ ಹಸನಬ್ಬ ನನ್ನನ್ನು ಅಂಗಡಿಯ ಒಳಕ್ಕೆ ಕರೆದರು. ಸೀರೆಗೆ ಕೊಳೆ ಹಿಡಿಯದಿರಲಿ ಎಂದು ಸ್ಟೂಲಿನ ಮೇಲೆ ಪೇಪರು ಹಾಸಿ ಕೂರಿಸಿದರು.

“ಬುಧವಾರ ನಿಮ್ಮ ಪೇಪರಿನ ಸಾಹೇಬ್ರು ಫೋನ್ ಮಾಡಿದ್ರು.”

ಕೆಳಗೆ ಹಾಸಿದ್ದ ಪೇಪರಿನ ಅಂಚನ್ನು ಮಡಿಸುತ್ತ ಕೂತೆ.

“ಟೀಚರ್ ಕೇಳಿದ್ದಕ್ಕೆ ನೀವು ಒಪ್ಲಿಲ್ವಂತೆ, ಇನ್ನೊಮ್ಮೆ ಆಲೋಚನೆ ಮಾಡಿ, ವಾರ ವಾರ ಬರೀಬೇಕು ಅಂದ್ರು. ನಾನು ಹೇಳಿದೆ, ಹೌದು ಸಾರ್, ಟೀಚರ್ ಕೇಳಿದ್ರು, ನಾನೇ ಬೇಡ ಅಂದದ್ದು ಅಂತ.”

“ಯಾಕೆ?” ಎಂದೆ.

“ಮತ್ತೆ ಎಂತ ಹೇಳುದು ಟೀಚರೇ? ಟೀಚರ್ ಸುಳ್ಳು ಹೇಳಿದ್ದು ಅಂತ ಹೇಳ್ಲಿಕ್ಕಾಗ್ತದಾ? ನನ್ನ ಅಂಗಡಿಯ ಗ್ಲಾಸ್ ತೊಳೆದವರು ನೀವು.” ಆಮೇಲೆ ಮೆಲ್ಲಗೆ ಕೇಳಿದರು, “ಆ ಜಾಗ ಈಗ ಬರೆಯುದು ನೀವೇ ಅಲ್ವಾ?”

ಹೌದೆಂದು ತಲೆಯಾಡಿಸಿದೆ.

“ಹಾಗೆಯೇ ಅಂತ ಅಂದಾಜು ಮಾಡಿದೆ.”

ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ತನ್ನ ಉರಿಗೆ ತಾನೇ ಸೌದೆ ಹಾಕುವ ಚಟ. “ನಾನು ನಿಜವಾಗಿ ಕೇಳಿದ್ರೆ ಏನು ಹೇಳ್ತಿದ್ರಿ?” ಎಂದೆ.

ಅವರು ನಾಚಿಕೊಂಡು ನಕ್ಕರು. “ಒಪ್ತಿದ್ದೆ. ಊರಲ್ಲಿ ನನ್ನ ತಾಯಿ ಇದ್ದಾರಲ್ಲ, ಉಮ್ಮ, ಅವರಿಗೆ ಫೋನಲ್ಲಿ ಸರಿ ಕೇಳ್ಸುದಿಲ್ಲ, ನನ್ನ ವಾಯ್ಸ್ ಇಷ್ಟರವರೆಗೆ ಕೇಳಿದವರಲ್ಲ. ಕಣ್ಣು ಚಂದ ಉಂಟು, ಕನ್ನಡ ಪೇಪರ್ ದಿನಾ ಓದ್ತಾರೆ. ಇವ ಬಲೆ ಮಾರುದು ಬಿಟ್ಟು ಬೇರೆಂತ ಮಾಡ್ತಾನೆ ಅಂತ ಅವರಿಗೂ ಗೊತ್ತಾಗ್ತಿತ್ತು. ಇರ್ಲಿ ಬಿಡಿ. ಚಾಯ ಕುಡೀತೀರಾ?”

ಮೈಸೂರು

ವಾಪಸು ಬಂದು ಹತ್ತು ದಿನವಾಯಿತು. ಪ್ರವಾಸದ ಬಗ್ಗೆ ಹಗುರಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಹಸನಬ್ಬನವರು ಒಪ್ಪದ ಕಾರಣ ಅಂಕಣ ಸದ್ಯಕ್ಕೆ ನೀವೇ ಮುಂದುವರಿಸಿ, ಬೇರೆಯವರು ಸಿಗುವವರೆಗೆ, ಎಂದೂ ಹೇಳಿದ್ದಾರೆ.

ಆ ಮನುಷ್ಯನ ಮೇಲಿನ ಅಸೂಯೆ ಹೋಗಿದೆಯೇ ಎಂದು ಕೇಳಬೇಡಿ. ಹೋಗಿಲ್ಲ. ಮಾತಿನಲ್ಲಿ ಅವರು ನನ್ನನ್ನು ಮೀರಿಸಿದಾಗ ಸಹಿಸಿಕೊಂಡಿದ್ದೆ. ಆ ಸ್ಟೂಲಿನ ಮೇಲೆ ಕೂರಿಸಿ ಚಹಾ ಕೇಳಿದರಲ್ಲ, ಅದನ್ನು ಸಹಿಸುವುದು ನನ್ನಿಂದ ಆಗುತ್ತಿಲ್ಲ. ಎರಡು ಗುರುವಾರ ಬರೆಯಲು ಕೂತೆ. ಎರಡು ಸಲವೂ ಮಂಗಳೂರು ಕಡೆಯ ಯಾವುದೋ ಮನೆಯಲ್ಲಿ ಒಬ್ಬ ಮುದುಕಿ ಕನ್ನಡಕವಿಲ್ಲದೆ ನನ್ನ ಪುಟವನ್ನು ಓದುತ್ತಿರುವುದು ಕಾಣಿಸಿತು. ಬರೆಯಲಾಗದೆ ಹಳೆಯದನ್ನೇ ಅಲ್ಲಿಲ್ಲಿ ತಿದ್ದಿ ಕಳಿಸಿದೆ.

ಈ ಬರಹವನ್ನು ನಿಮಗಿಂತ ಮೊದಲು ಓದುವವರು ಸಂಪಾದಕರು. ಆದ್ದರಿಂದ ಇನ್ನು ಮುಂದಿನದು ಅವರಿಗೆ. ಸರ್, ನಾನು ಅವರನ್ನು ಕೇಳಿಯೇ ಇರಲಿಲ್ಲ. ಅವರ ನಂಬರು ನಿಮ್ಮ ಹತ್ತಿರ ಇದೆ. ಇನ್ನೊಂದು ಸಲ ಫೋನ್ ಮಾಡಿ, ಈ ಸಲ ಟೀಚರು ನಿಜವಾಗಿಯೂ ಕೇಳಿದ್ದಾರೆ ಎಂದು ಹೇಳಿ.